ವರ್ಷ ತುಂಬುವ ಮೊದಲೇ ಹಾಡಿದವರು

ಗಂಡ ಸತ್ತ ವರ್ಷವೇ ನಮ್ಮ ಅಜ್ಜಿ ಸಿನಿಮಾ ಹಾಡು ಹಾಡಿದಳು ಎಂದು ಹೊನ್ನಾವರದ ಕಾಸರಕೋಡಿನಲ್ಲಿ ಈಗಲೂ ಹೇಳುವವರಿದ್ದಾರೆ. ಹೌದು, ಹಾಡಿದಳು. ಜೊತೆಗೆ ನಾನೂ ಹಾಡಿದೆ. ಆದರೆ ಹೇಳುವವರು ತಿಂಗಳನ್ನು ತಪ್ಪು ಹೇಳುತ್ತಾರೆ, ಜಾಗವನ್ನೂ ತಪ್ಪು ಹೇಳುತ್ತಾರೆ. ಅದಕ್ಕೇ ನಾನೇ ಬರೆದಿಡುತ್ತಿದ್ದೇನೆ. ಏಳನೆಯ ಕ್ಲಾಸಿನಿಂದ ನಾನು ದಿನಚರಿ ಬರೆಯುತ್ತೇನೆ. ಯಾವ ಹಾಡನ್ನು ಮೊದಲ ಸಲ ಎಲ್ಲಿ, ಯಾರ ಜೊತೆ ಕೇಳಿದೆ ಎಂಬುದನ್ನು ತಾರೀಕು ಹಾಕಿ ಬರೆಯುವುದು ನನ್ನ ಅಭ್ಯಾಸ. ಮನೆಯಲ್ಲಿ ಇದಕ್ಕೆ ನಗುತ್ತಿದ್ದರು. ನಗಲಿ. ಈ ವಿಷಯದಲ್ಲಿ ನನಗಿಂತ ಸರಿಯಾಗಿ ಹೇಳಬಲ್ಲವರು ಊರಲ್ಲಿ ಇಲ್ಲ.

ನಮ್ಮ ಮನೆ ಶರಾವತಿ ಸೇತುವೆಯ ಈಚೆ, ಹೊನ್ನಾವರ ಪೇಟೆ ಆಚೆ. ಅಜ್ಜ ದೋಣಿಗೆ ಹೋಗುತ್ತಿದ್ದವನು, ಕಾಲು ನೋವು ಶುರುವಾದ ಮೇಲೆ ಅಂಗಳದಲ್ಲಿ ಕೂತು ಹರಿದ ಬಲೆ ಹೊಲಿಯುತ್ತಿದ್ದ. ಅಜ್ಜಿ ಕುಮಟಾದ ಮೀನು ಮಾರ್ಕೆಟ್ಟಿಗೆ ಬುಟ್ಟಿ ಹೊರುತ್ತಿದ್ದಳು. 1998ರ ಬೇಸಿಗೆಯಲ್ಲಿ ಅಜ್ಜ ಭಟ್ಕಳಕ್ಕೆ ಹೋಗಿ, ದುಬೈ ಸಾಮಾನು ಮಾರುವ ಅಂಗಡಿಯಿಂದ ಎರಡು ಕ್ಯಾಸೆಟ್ ಹಾಕುವ ಟೇಪ್‌ರೆಕಾರ್ಡರ್ ತಂದ. ಚಾವಣಿಯ ಹೆಂಚು ಬದಲಿಸಬೇಕಾಗಿದ್ದ ವರ್ಷ ಅದು. ಹೆಂಚು ಹಾಗೇ ಉಳಿಯಿತು, ಹಾಡು ಬಂತು. ಆ ಮಳೆಗಾಲದಲ್ಲಿ ಚಾವಣಿ ಸೋರುವಲ್ಲಿ ಪಾತ್ರೆ ಇಟ್ಟು ನಾವು ಹಾಡು ಕೇಳಿದೆವು.

ಅಜ್ಜ ಅಜ್ಜಿಯರಿಗೆ ಹಾಡುಗಳ ಮೊದಲ ಸಾಲು ನೆನಪಿರುತ್ತಿರಲಿಲ್ಲ. ಅವರು ಹಾಡಿಗೆ ತಾವೇ ಹೆಸರಿಟ್ಟಿದ್ದರು. ನಾಯಕಿ ಕಿಟಕಿಯ ಸರಳು ಹಿಡಿದು ನಿಂತು ಹಾಡುವುದು ಕಿಟಕಿ ಹಾಡು. ಮದುವೆಯಾದ ವರ್ಷ ಇಬ್ಬರೂ ಹೊನ್ನಾವರದ ಟೆಂಟಿನಲ್ಲಿ ನೆಲದ ಮೇಲೆ ಕೂತು ಆ ಸಿನಿಮಾ ನೋಡಿದ್ದರು. ಅದನ್ನು ಹಾಕಿದರೆ ಅಜ್ಜ ಸೂಜಿ ಕೆಳಗಿಡುತ್ತಿದ್ದ. ನಾನು ಗೆಳತಿಯರಿಂದ ತಂದ ಕ್ಯಾಸೆಟ್ಟುಗಳು ಅಜ್ಜಿಗೆ ಆಗುತ್ತಿರಲಿಲ್ಲ.

"ಎಂತ ಹಾಡೇ ಇದು? ತಾರ್ಲೆ ಮೀನು ಇದ್ದಾಂಗೆ. ಬುಟ್ಟಿ ತುಂಬ ಬರ್ತದೆ, ಮಧ್ಯಾಹ್ನಕ್ಕೆ ಕೆಡ್ತದೆ" ಎನ್ನುತ್ತಿದ್ದಳು.

"ನಿಂದೆಲ್ಲ ಒಣಮೀನು. ವರ್ಷಗಟ್ಲೆ ಅದನ್ನೇ ತಿಂಬೂದಾ?"

"ಒಣಮೀನು ಮಳೆಗಾಲಕ್ಕೆ ಜೀವ ಉಳಿಸ್ತದೆ ತಂಗೀ. ನಿನ್ನ ತಾರ್ಲೆ ಉಳಿಸ್ತದ್ಯಾ?"

ಅಜ್ಜ ಇಬ್ಬರಿಗೂ ಒಂದೊಂದು ಹಾಡಿನ ಸರದಿ ಮಾಡಿಕೊಟ್ಟಿದ್ದ. ಒಂದು ಹಳೆಯದು, ಒಂದು ಹೊಸದು. ಮೂರು ವರ್ಷ ಹೀಗೇ ನಡೆಯಿತು. ಹಳೆಯದರಲ್ಲಿ ನನಗೆ ಬಾಯಿಪಾಠವಾಗಿದ್ದು ಅರವತ್ತೆರಡು ಹಾಡು. ಹೊಸದರಲ್ಲಿ ಅಜ್ಜಿಗೆ ಒಂದೂ ಇಲ್ಲ.

2001ರಲ್ಲಿ, ದೀಪಾವಳಿ ಕಳೆದ ಮರುವಾರ, ಅಜ್ಜ ತೀರಿಕೊಂಡ. ಹನ್ನೆರಡನೆಯ ದಿನದ ಕೆಲಸ ಮುಗಿದ ಸಂಜೆ ದೊಡ್ಡಪ್ಪ ಟೇಪ್‌ರೆಕಾರ್ಡರನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ವರ್ಷಾಂತಿಕ ಆಗುವವರೆಗೆ ಮನೆಯಲ್ಲಿ ಹಾಡಿಲ್ಲ, ಹಬ್ಬವಿಲ್ಲ, ಟೀವಿ ಇಲ್ಲ. ಇದು ಅವರೊಬ್ಬರ ಹಟವಲ್ಲ, ನಮ್ಮ ಕೇರಿಯ ಎಲ್ಲ ಮನೆಗಳಲ್ಲೂ ಹಾಗೇ ಇತ್ತು. ಗಂಡಸರಿಗೆ ಅದು ಎರಡು ಮೂರು ತಿಂಗಳಲ್ಲಿ ಸಡಿಲವಾಗುತ್ತಿತ್ತು. ಬೋಟಿನಲ್ಲಿ ರೇಡಿಯೊ ಹಾಕಿದರೆ ಅದು ಹವಾಮಾನ ಕೇಳಲಿಕ್ಕೆ ಎಂದು ಲೆಕ್ಕ. ಹೆಂಡತಿಗೆ ಮಾತ್ರ ಪೂರಾ ವರ್ಷ.

ಹದಿನಾಲ್ಕನೆಯ ದಿನ ಬೆಳಿಗ್ಗೆ ಅಜ್ಜಿ ಬುಟ್ಟಿ ಹೊತ್ತಳು. ಅದಕ್ಕೆ ಯಾರೂ ಏನೂ ಹೇಳಲಿಲ್ಲ. ಬಂಗಡೆ ಮೀನಿನ ಕಾಲ, ಬೋಟುಗಳು ತುಂಬಿ ಬರುತ್ತಿದ್ದವು, ಮಾರುವವರು ಬೇಕಿತ್ತು. ನಾನು ಅಂದೇ ಬರೆದಿಟ್ಟಿದ್ದೇನೆ: ಮೀನು ಮಾರಲು ಎರಡು ವಾರದ ದುಃಖ ಸಾಕು, ಹಾಡು ಕೇಳಲು ಒಂದು ವರ್ಷದ್ದು ಬೇಕು. ಈ ಲೆಕ್ಕ ನನಗೆ ಅಂದೂ ಅರ್ಥವಾಗಲಿಲ್ಲ, ಇಂದೂ ಆಗಿಲ್ಲ.

ಆಗ ನಾನು ಹೊನ್ನಾವರದಲ್ಲಿ ಪಿಯುಸಿ ಮೊದಲ ವರ್ಷ ಓದುತ್ತಿದ್ದೆ. ಬೆಳಿಗ್ಗೆ ನಾನೂ ಅಜ್ಜಿಯೂ ಹೆದ್ದಾರಿಗೆ ಬಂದು ಒಟ್ಟಿಗೇ ಟೆಂಪೋ ಹತ್ತುತ್ತಿದ್ದೆವು. ಸರ್ಕಾರಿ ಬಸ್ಸಿನಲ್ಲಿ ಮೀನು ಬುಟ್ಟಿಗೆ ಜಾಗವಿಲ್ಲ. ಕಂಡಕ್ಟರ್ ದೂರದಿಂದಲೇ ಮೂಗು ಮುಚ್ಚಿ ಸೀಟಿ ಊದಿಬಿಡುತ್ತಿದ್ದ. ಭಟ್ಕಳದಿಂದ ಕುಮಟಾಕ್ಕೆ ಓಡುವ ಟೆಂಪೋಗಳೇ ಮೀನುಗಾರ ಹೆಂಗಸರಿಗೆ ಗತಿ. ಬುಟ್ಟಿ ಮೇಲೆ ಕ್ಯಾರಿಯರಿನಲ್ಲಿ, ನಾವು ಒಳಗೆ. ಪ್ರತಿ ಟೆಂಪೋದಲ್ಲೂ ಟೇಪ್ ಇರುತ್ತಿತ್ತು.

ಮೊದಲ ದಿನ ಅಜ್ಜಿ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಕೂತಳು. ಒಂದು ವಾರ ಹಾಗೇ ಇದ್ದಳು. ಎಂಟನೆಯ ದಿನ ನೋಡುತ್ತೇನೆ, ಸೆರಗು ಹೆಗಲ ಮೇಲಿದೆ.

"ಸೂತಕ ಮನೆಗೆ ಹಾಕಿದ್ದು. ಇದು ಮನೆ ಅಲ್ಲ, ಟೆಂಪೋ" ಎಂದಳು, ನಾನು ಏನೂ ಕೇಳದಿದ್ದರೂ.

ಅಲ್ಲಿಂದ ನಮ್ಮ ಹೊಸ ಸರದಿ ಶುರುವಾಯಿತು. ಯಾವ ಟೆಂಪೋದಲ್ಲಿ ಯಾವ ಹಾಡು ಎಂದು ನನ್ನ ಹತ್ತಿರ ಪಟ್ಟಿ ತಯಾರಾಯಿತು. ಏಳು ಗಂಟೆಯ ಹಳದಿ ಟೆಂಪೋದಲ್ಲಿ ಬರೀ ದೇವರ ಹಾಡು. ಏಳೂಕಾಲಿನದ್ದರಲ್ಲಿ ಕನ್ನಡದ ಹಳೆಯವು. ಏಳೂವರೆಯ ನೀಲಿ ಪಟ್ಟಿಯ ಟೆಂಪೋ ಭಟ್ಕಳದವನದು. ಮನೆಯಲ್ಲಿ ನವಾಯತಿ, ಸ್ಟ್ಯಾಂಡಿನಲ್ಲಿ ಉರ್ದು, ನಮ್ಮ ಜೊತೆ ಕನ್ನಡ ಆಡುವ ಡ್ರೈವರ್. ಮೂವತ್ತರ ಆಸುಪಾಸಿನವನು. ಅವನ ಹತ್ತಿರ ಹಳೆಯ ಹಿಂದಿಯೂ ಇತ್ತು, ಆ ವರ್ಷದ ಹೊಸ ಕನ್ನಡ ಹಾಡುಗಳೂ ಇದ್ದವು. ಅಜ್ಜಿಗೆ ಹಿಂದಿ ಒಂದು ಅಕ್ಷರ ಬರುತ್ತಿರಲಿಲ್ಲ. ಆದರೂ ಆ ಹಾಡುಗಳಿಗೆ, "ಇದು ಯಾರೋ ಊರು ಬಿಟ್ಟು ಹೋದದ್ದು, ಅಲ್ದನಾ?" ಎಂದು ಕೇಳುತ್ತಿದ್ದಳು. ಡ್ರೈವರ್ ಪ್ರತಿ ಸಲ, "ಹೌದಜ್ಜಿ, ಕರೆಕ್ಟ್" ಎನ್ನುತ್ತಿದ್ದ. ನಿಜವಾಗಿ ಸರಿಯೋ, ಅವಳ ಮನಸ್ಸು ನೋಯಬಾರದೆಂದೋ ಗೊತ್ತಿಲ್ಲ.

ಹೊಸ ಹಾಡುಗಳಲ್ಲಿ ಒಂದರ ಆರಂಭಕ್ಕೆ ಉದ್ದ ಸೀಟಿ ಇತ್ತು. ಅದು ಸೀಟಿ ಹಾಡಾಯಿತು. ಮೊದಲ ಸಲ ಅದು ಬಂದಾಗ ಅಜ್ಜಿ, "ಪೋರ ಸೀಟಿ ಹೊಡೆದ್ರೆ ನಮ್ಮ ಕಾಲದಲ್ಲಿ ಚಪ್ಲಿ ತೆಗೀತಿದ್ರು, ಈಗ ರೆಕಾರ್ಡು ತೆಗೀತ್ರು" ಎಂದಳು. ಟೆಂಪೋದಲ್ಲಿ ಇದ್ದವರೆಲ್ಲ ನಕ್ಕರು. ಮರುದಿನ ಅವಳೇ, "ತಮಾ, ನಿನ್ನೆದು ಹಾಕು, ಸೀಟಿದು" ಎಂದಳು. ನಾವು ಕಾಸರಕೋಡಿನಲ್ಲಿ ಹತ್ತಿದ ಕೂಡಲೇ ಅವನು ಆ ಹಾಡು ಹಾಕುವುದು ರೂಢಿಯಾಯಿತು.

ಒಂದೇ ತೊಂದರೆ. ಮೊದಲ ಚರಣ ಮುಗಿಯುವ ಹೊತ್ತಿಗೆ ಸರಿಯಾಗಿ ಸೇತುವೆ ಬರುತ್ತಿತ್ತು. ಸೇತುವೆಯ ಮೇಲೆ ಒಂದೊಂದು ಜೋಡಣೆಗೂ ಟೆಂಪೋ ಧಡಕ್ ಧಡಕ್ ಎಂದು ಹಾರುತ್ತಿತ್ತು, ಗಾಜುಗಳೆಲ್ಲ ಕುಣಿಯುತ್ತಿದ್ದವು, ಅಳಿವೆಯ ಕಡೆಯಿಂದ ಗಾಳಿ ಬೇರೆ. ನಡುವಿನ ಚರಣ ಒಂದು ದಿನವೂ ಕೇಳಿಸಲಿಲ್ಲ. ಆಚೆ ದಂಡೆ ಮುಟ್ಟಿದಾಗ ಕೊನೆಯ ಚರಣ ನಡೆಯುತ್ತಿರುತ್ತಿತ್ತು. ನಾನು ಗೆಳತಿಯ ಮನೆಯಲ್ಲಿ ಪೂರ್ತಿ ಹಾಡು ಕೇಳಿ, ನಡುವಿನ ಚರಣ ಬರೆದು ತಂದು ಓದಿ ಹೇಳಿದೆ. ಅಜ್ಜಿ ಕೈ ಬೀಸಿದಳು.

"ನಂಗದು ಬ್ಯಾಡ. ನಂಗೆ ಸೇತುವೆ ಇದ್ದದ್ದೇ ಸಮ."

ಹೀಗೆ ಅಜ್ಜಿ ತನ್ನ ಜೀವನದ ಮೊದಲ ಹೊಸ ಹಾಡನ್ನು, ನಡುವೆ ಒಂದು ಸೇತುವೆ ಇಟ್ಟುಕೊಂಡು ಕಲಿತಳು.

ಫೆಬ್ರುವರಿಯಲ್ಲಿ ಸುದ್ದಿ ಮನೆ ಮುಟ್ಟಿತು. ಅಜ್ಜಿ ಖಾಲಿ ಟೆಂಪೋಗಳನ್ನು ಬಿಟ್ಟು ನೀಲಿ ಪಟ್ಟಿಯದ್ದಕ್ಕೇ ಕಾಯುತ್ತಾಳೆ, ಗಂಡ ಸತ್ತು ಮೂರು ತಿಂಗಳಾಗಿಲ್ಲ, ತಲೆ ಆಡಿಸುತ್ತ ಸಿನಿಮಾ ಹಾಡು ಕೇಳುತ್ತಾಳೆ. ಮೀನು ಒಣಗಿಸುವಲ್ಲಿ ಇದೇ ಮಾತು. ದೊಡ್ಡಪ್ಪ ಕೂಗಾಡುವವರಲ್ಲ. ಬೋಟು ನಡೆಸುವ ತಾಂಡೇಲರು, ಹತ್ತು ಹನ್ನೆರಡು ಜನ ಅವರ ಮಾತಿನ ಮೇಲೆ ಸಮುದ್ರಕ್ಕೆ ಇಳಿಯುವವರು. ಕೇರಿಯಲ್ಲಿ ತಲೆ ತಗ್ಗಿಸುವುದು ಅವರಿಗೆ ಆಗುತ್ತಿರಲಿಲ್ಲ. ಅವರು ಅಜ್ಜಿಯನ್ನು ಏನೂ ಕೇಳಲಿಲ್ಲ. ಒಂದು ಬೆಳಿಗ್ಗೆ ಹೆದ್ದಾರಿಗೆ ಬಂದು ನಿಂತು, ಬಂದ ಒಂದೊಂದು ಟೆಂಪೋಗೂ ಕೈ ಅಡ್ಡ ಹಿಡಿದು ಡ್ರೈವರುಗಳಿಗೆ ಹೇಳಿದರು: "ನಮ್ಮ ಅಮ್ಮ ಹತ್ತಿದ್ರೆ ಟೇಪ್ ಬಂದ್ ಮಾಡಿ. ನಮ್ಮದು ವರ್ಷದ ಸೂತಕದ ಮನೆ."

ಡ್ರೈವರುಗಳು ಒಳ್ಳೆಯವರು, ಒಪ್ಪಿದರು. ಸತ್ತವರಿಗೆ ಮರ್ಯಾದೆ ಕೊಡುವುದು ಯಾರಿಗೆ ಬೇಡ? ಮರುದಿನದಿಂದ ನಾವು ಹತ್ತಿದ ಕೂಡಲೇ ಹಾಡು ನಿಲ್ಲತೊಡಗಿತು. ಒಳಗಿದ್ದ ಹದಿನೈದಿಪ್ಪತ್ತು ಜನ ನಮ್ಮತ್ತ ತಿರುಗಿ ನೋಡುತ್ತಿದ್ದರು. ಹಿಂದಿನ ಸೀಟಿನ ಹುಡುಗರು, "ಬಂತು, ಕರೆಂಟ್ ತೆಗೆಯೂ ಅಜ್ಜಿ ಬಂತು" ಎಂದು ಪಿಸುಗುಟ್ಟುತ್ತಿದ್ದರು. ಅಜ್ಜಿ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಹಾಡು ಕೇಳದ ಅಜ್ಜಿಯನ್ನು ನಾನು ನೋಡಿದ್ದೆ. ಹಾಡನ್ನು ಬೇರೆಯವರ ಬಾಯಿಂದ ಕಿತ್ತುಕೊಳ್ಳುವವಳೆಂದು ಅನ್ನಿಸಿಕೊಂಡ ಅಜ್ಜಿಯನ್ನು ನೋಡುವುದು ನನ್ನಿಂದ ಆಗಲಿಲ್ಲ. ಅವಳು ಸೊರಗಿದಳು. ಮಾರ್ಕೆಟ್ಟಿನಲ್ಲಿ ಚೌಕಾಸಿಗೂ ಎದುರಾಡುತ್ತಿರಲಿಲ್ಲ, ಕೇಳಿದಷ್ಟಕ್ಕೆ ಕೊಟ್ಟುಬಿಡುತ್ತಿದ್ದಳು ಎಂದು ಪಕ್ಕದಲ್ಲಿ ಕೂರುವ ಹೆಂಗಸರು ಅಮ್ಮನಿಗೆ ಹೇಳಿ ಕಳಿಸಿದರು. ಅಜ್ಜಿ ಮೀನನ್ನು ಕೇಳಿದಷ್ಟಕ್ಕೆ ಕೊಟ್ಟಳೆಂದರೆ ಅದು ಜ್ವರಕ್ಕಿಂತ ಕೆಟ್ಟದ್ದು.

ಮಾರ್ಚ್ ಕೊನೆಗೆ ನನ್ನ ಪರೀಕ್ಷೆ ಮುಗಿದು ರಜೆ ಬಂತು. ನಾನು ಕುಮಟಾದವರೆಗೂ ಅವಳ ಜೊತೆ ಹೋಗತೊಡಗಿದೆ. ಒಂದು ಬೆಳಿಗ್ಗೆ ನೀಲಿ ಪಟ್ಟಿಯ ಟೆಂಪೋದಲ್ಲಿ ಮುಂದಿನ ಸೀಟು ಸಿಕ್ಕಿತು. ಟೇಪ್ ಬಂದ್ ಮಾಡುತ್ತ ಡ್ರೈವರ್ ತಾನೇ ಮಾತು ತೆಗೆದ.

"ಇನ್ನೂ ಎಷ್ಟು ದಿವಸ ಅಜ್ಜಿ?"

"ದೀಪಾವಳಿ ಕಳೀಬೇಕು."

"ಯಾ ಅಲ್ಲಾ! ನಮ್ಮಲ್ಲಿ ಗಂಡ ತೀರಿದ್ರೆ ನಾಕು ತಿಂಗಳು ಹತ್ತು ದಿವಸ. ಆಮೇಲೆ ಅವಳದ್ದು ಅವಳಿಗೆ."

ಅಜ್ಜಿ ಅವನ ಕಡೆ ತಿರುಗಿದಳು. "ನಾಕು ತಿಂಗಳು ಹತ್ತು ದಿನವಾ?"

"ಹೌದು. ಮತ್ತೆ ಅಷ್ಟು ದಿವಸ ಅವಳು ಮನೆ ಬಿಟ್ಟು ಹೊರಗೆ ಬರೂದಿಲ್ಲ ಅಜ್ಜಿ. ನೀವು ದಿನಾ ಬರ್ತೀರಿ."

"ನಾನು ಮನೇಲಿ ಕೂತ್ರೆ ಬಂಗಡೆ ತಾನೇ ನಡ್ಕಂಡು ಕುಮಟಾಕ್ಕೆ ಹೋಗ್ತದ್ಯಾ ತಮಾ?" ಎಂದು ಹೇಳಿ ನನ್ನ ತೊಡೆ ತಟ್ಟಿದಳು. "ತಂಗೀ, ನೀನು ಎಲ್ಲಾ ಬರ್ದಿಡ್ತೆ ಅಲ್ದಾ? ಅಜ್ಜ ಹೋಗಿ ಎಷ್ಟಾತು ಲೆಕ್ಕ ಹೇಳು."

ನಾನು ಬೆರಳು ಮಡಚಿ ಹೇಳಿದೆ. "ನಾಕು ತಿಂಗಳು, ಹದಿಮೂರು ದಿನ."

"ಮೂರು ದಿನ ಜಾಸ್ತಿಯೇ ಆತು" ಎಂದಳು ಅಜ್ಜಿ.

ಡ್ರೈವರ್ ಗಾಬರಿಯಾದ. "ನಾನು ಟೇಪ್ ಹಾಕೂದಿಲ್ಲ ಅಜ್ಜಿ. ನಿಮ್ಮ ಮಗನಿಗೆ ಮಾತು ಕೊಟ್ಟಿದ್ದೇನೆ."

"ಹಾಕ್ಬೇಡ. ನಿನ್ನ ಮಾತು ನೀ ಉಳಿಸ್ಕೊ. ಟೇಪ್ ಬಂದ್ ಮಾಡೂಕೆ ಹೇಳಿದ್ದ ಅವ. ನನ್ನ ಬಾಯಿ ಬಂದ್ ಮಾಡೂಕೆ ಹೇಳಿದ್ನಾ?"

ಹೇಳಿ ಮುಗಿಸುವ ಮೊದಲೇ ಅಜ್ಜಿ ಬಾಯಲ್ಲಿ ಸೀಟಿ ಹೊಡೆದಳು. ಎರಡು ಹಲ್ಲು ಬಿದ್ದ ಬಾಯಿ, ಅರ್ಧ ಗಾಳಿಯೇ ಬಂತು. ಆದರೆ ಅದು ಅದೇ ಸೀಟಿ ಎಂದು ಎಲ್ಲರಿಗೂ ತಿಳಿಯಿತು. ಹಿಂದಿನ ಹುಡುಗರು ಎದ್ದು ನಿಂತು ನೋಡಿದರು. ಅಜ್ಜಿ ಮೊದಲ ಚರಣ ಹಾಡಿದಳು, ಮಾರ್ಕೆಟ್ಟಿನಲ್ಲಿ ಮೀನು ಕೂಗುವ ಗಂಟಲಿನಲ್ಲಿ, ನಾಚಿಕೆ ಇಲ್ಲದೆ. ಟೆಂಪೋ ಸೇತುವೆ ಹತ್ತಿತು. ಅಜ್ಜಿ ಹಾಡು ನಿಲ್ಲಿಸಿದಳು.

ಧಡಕ್ ಧಡಕ್ ಎನ್ನುವುದೊಂದೇ ಸದ್ದು. ಎಲ್ಲರೂ ಕಾಯುತ್ತಿದ್ದರು. ಅವಳಿಗೆ ಉಸಿರು ಕಟ್ಟಿತೋ, ಅಳು ಬಂತೋ ಎಂದು ಹಿಂದಿನಿಂದ ಒಬ್ಬರು ನೀರಿನ ಬಾಟಲಿ ಕೊಟ್ಟರು. ಅಜ್ಜಿ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಸೇತುವೆ ಮುಗಿದು ಚಕ್ರ ಡಾಂಬರು ಮುಟ್ಟಿದ್ದೇ ತಡ, ಕೊನೆಯ ಚರಣ ಎತ್ತಿಕೊಂಡಳು.

"ಅಜ್ಜೀ, ನಡುವಿನ ಚರಣ ನುಂಗಿದ್ರಿ!" ಎಂದ ಹಿಂದಿನ ಹುಡುಗ.

"ನುಂಗೂಕೆ ಅದೆಂತ ಬಂಗಡೆಯನಾ? ಅಲ್ಲಿ ಸೇತುವೆ ಬರ್ತದೆ, ಅಲ್ಲಿ ಹಾಡೂಕಿಲ್ಲ."

"ಹಾಡಲ್ಲಿ ಸೇತುವೆ ಎಲ್ಲಿ ಅದೆ ಅಜ್ಜಿ?"

"ನೀ ಹುಟ್ಟಿದ ಮೇಲೆ ಬಂದ ಹಾಡು, ನಂಗೇ ಕೇಳ್ತೆಯಲ್ಲಾ!"

ಟೆಂಪೋಗೆ ಟೆಂಪೋವೇ ನಕ್ಕಿತು. ಅಜ್ಜಿಯೂ ನಕ್ಕಳು. ನಾಲ್ಕು ತಿಂಗಳ ಮೇಲೆ ಅದು ಮೊದಲ ಸಲ. ಆಮೇಲೆ ನನ್ನ ಕಡೆ ನೋಡಿ, "ಆತು, ಈಗ ನಿನ್ನ ಸರದಿ, ಹಳೇದು" ಎಂದಳು. ನನಗೆ ಕಾಲೇಜಿನ ಸ್ಟೇಜಿನಲ್ಲೂ ಹಾಡಿ ಗೊತ್ತಿರಲಿಲ್ಲ. ಹೊನ್ನಾವರದಿಂದ ಕುಮಟಾದವರೆಗೆ ನಾಲ್ಕು ಹಾಡು ಹೇಳಿದೆ. ಕಿಟಕಿ ಹಾಡೊಂದನ್ನು ಮಾತ್ರ ಬಿಟ್ಟೆ. ಅದಕ್ಕೆ ಇನ್ನೂ ಧೈರ್ಯವಿರಲಿಲ್ಲ.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ದೊಡ್ಡಪ್ಪ ಜಗಲಿಯಲ್ಲಿ ಕೂತಿದ್ದರು. ಅಮ್ಮ ಬಾಗಿಲಲ್ಲಿ ನಿಂತು ನನಗೆ ಒಳಗೆ ಬಾ ಎಂದು ಕಣ್ಣಲ್ಲೇ ಕರೆದಳು. ನಾನು ಹೋಗಲಿಲ್ಲ.

"ಅಮ್ಮಾ, ಇದು ನಿಜವನಾ?" ಎಂದು ಕೇಳಿದರು ದೊಡ್ಡಪ್ಪ.

"ಹಾಡಿದ್ದಾ? ನಿಜ."

"ಊರು ಎಂತ ಹೇಳ್ತದೆ ಗೊತ್ತಿತ್ತಾ? ಅಪ್ಪನ ಮೇಲೆ ಇವ್ಳಿಗೆ ಜೀವ ಇರ್ಲಿಲ್ಲ ಹೇಳ್ತದೆ."

"ಊರು ನಲವತ್ನಾಕು ವರ್ಷ ನನ್ನ ಜೊತಿಗೆ ಸಂಸಾರ ಮಾಡಿತ್ತಾ?" ಅಜ್ಜಿ ಬುಟ್ಟಿ ಕೆಳಗಿಟ್ಟಳು. "ನಿನ್ನಪ್ಪ ಹೆಂಚು ಬಿಟ್ಟು ಹಾಡು ತಂದ ಮನುಷ್ಯ. ಅವ್ರ ದನಿ ಹೋತು, ನಡ್ಗೆ ಹೋತು, ಕೆಮ್ಮೂ ಹೋತು. ಹಾಡೊಂದು ಉಳ್ದದೆ. ಅದನ್ನೂ ಸುಟ್ಟು ಬಾ ಹೇಳ್ತೆಯಾ?"

"ಒಂದು ವರ್ಷ ಅಲ್ದಾ ಅಮ್ಮಾ? ಯಾರೋ ಭಟ್ಕಳದವ ಹೇಳಿದ ಲೆಕ್ಕ ನಮ್ಗೆ ಯಾಕೆ?"

"ಭಟ್ಕಳದವಂದು ಬ್ಯಾಡದಿದ್ರೆ ನಂದೇ ಲೆಕ್ಕ ಅಂದ್ಕೊ. ಮೀನು ಮಾರೂಕೆ ಹದಿನಾಕು ದಿನ ಸಾಕು ಹೇಳಿದ ಲೆಕ್ಕ ಯಾರದ್ದು? ಆಗ ನೀ ಬಾಯಿ ಬಿಡ್ಲಿಲ್ಲ."

ದೊಡ್ಡಪ್ಪ ನನ್ನ ಕಡೆ ತಿರುಗಿದರು. "ನೀನಾದ್ರೂ ಓದಿದವ್ಳು. ಅಜ್ಜಿಗೆ ಬುದ್ಧಿ ಹೇಳೂದು ಬಿಟ್ಟು ಜೊತಿಗೆ ಹಾಡ್ತೆಯಲ್ಲಾ?"

"ಹಾಡ್ತೆ ದೊಡ್ಡಪ್ಪ. ನಾಳೆನೂ ಹಾಡ್ತೆ" ಎಂದೆ.

ಅಂದು ಸಂಜೆ ಮೀನು ಕೊಯ್ಯುತ್ತ ಅಜ್ಜಿ ಮನೆಯೊಳಗೇ ಹಾಡಿದಳು. ದೊಡ್ಡಪ್ಪ ಊಟ ಮಾಡದೆ ಬೋಟಿಗೆ ಹೋದರು. ಅವರು ಅಜ್ಜಿಯ ಜೊತೆ ಮಾತು ಬಿಟ್ಟರು. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳು, ಅವರು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಮುದ್ರ ತೋರಿಸಿದವರು. ಆದರೆ ಒಂದು ದಿನವೂ ನಾವು ಹಾಡು ತಪ್ಪಿಸಲಿಲ್ಲ. ಕೇರಿಯಲ್ಲಿ ಎರಡು ಮದುವೆಗೆ ನಮ್ಮನ್ನು ಕರೆಯಲಿಲ್ಲ. ಒಣಮೀನಿನ ಹೆಂಗಸರಲ್ಲಿ ಕೆಲವರು ಅಜ್ಜಿಯನ್ನು ಕಂಡರೆ ಮುಖ ತಿರುಗಿಸಿದರು. ಟೆಂಪೋದ ಹುಡುಗರು ಮಾತ್ರ ಸೇತುವೆ ಬಂದಾಗ ತಾವೂ ಬಾಯಿ ಮುಚ್ಚಿ, ಆಚೆ ದಂಡೆಯಲ್ಲಿ ಅವಳ ಜೊತೆಗೇ ಎತ್ತಿಕೊಳ್ಳುವುದನ್ನು ಕಲಿತರು.

ಮುಂದಿನ ದೀಪಾವಳಿ ಕಳೆದು ವರ್ಷಾಂತಿಕ ಬಂತು. ಭಟ್ಕಳದ ಹತ್ತಿರದ ಜಾಲಿಯಿಂದ ಅಜ್ಜನ ತಂಗಿ ಬಂದಿದ್ದಳು. ಊಟಕ್ಕೆ ಎಲೆ ಹಾಕಿ ಎಲ್ಲರೂ ಕೂತಾಗ, ಇಡೀ ಪಂಕ್ತಿಗೆ ಕೇಳುವ ಹಾಗೆ ಅವಳು ಮಾತು ತೆಗೆದಳು.

"ಅತ್ಗೇ, ಅಣ್ಣ ಹೋದ ವರ್ಷ ಪೂರಾ ಹಾಡ್ಕಂಡೇ ಇದ್ದೆಯಂತೆ? ಜಾಲಿವರೆಗೂ ಸುದ್ದಿ ಬಂತು."

ದೊಡ್ಡಪ್ಪ ಅನ್ನ ಬಡಿಸುತ್ತಿದ್ದವರು ನಿಂತಲ್ಲೇ ನಿಂತರು.

"ಪೂರಾ ಎಲ್ಲಿ?" ಎಂದಳು ಅಜ್ಜಿ. "ಮೊದಲಿನ ನಾಕು ತಿಂಗಳು ಸುಮ್ನೇ ಹಾಳಾತು. ಅಷ್ಟೂ ದಿನ ನಿನ್ನಣ್ಣಂಗೆ ಒಂದು ಹಾಡೂ ಇಲ್ದೆ ಹೋತು."

ಆಮೇಲೆ ನನ್ನತ್ತ ನೋಡಿದಳು. "ತಂಗೀ, ಕಿಟಕಿ ಹಾಡು ಹೇಳು."

ಅಮ್ಮ ನನ್ನ ಸೆರಗು ಹಿಡಿದು ಜಗ್ಗಿದಳು. ಜಾಲಿಯ ಅಜ್ಜಿ, "ಎಲೆ ಮುಂದೆ ಕೂತ್ಕಂಡು ಎಂತ ಸಿನಿಮಾ ಹಾಡು, ರಾಮ ರಾಮಾ" ಎಂದಳು. ನಾನು ಎದ್ದು ನಿಂತೆ. ದೊಡ್ಡಪ್ಪನ ಕೈಯಲ್ಲಿ ಅನ್ನದ ಪಾತ್ರೆ ಹಾಗೇ ಇತ್ತು, ಅವರು ನನ್ನನ್ನೇ ನೋಡುತ್ತಿದ್ದರು. ನಾನೂ ಅವರ ಮುಖವನ್ನೇ ನೋಡುತ್ತ, ಒಂದು ಚರಣವನ್ನೂ ಬಿಡದೆ, ಪೂರ್ತಿ ಹಾಡಿದೆ.